ಕ್ರೋಶಾ ಕಡ್ಡಿಯಲ್ಲಿ ಹವಳದ ದಿಬ್ಬ: ಲಕ್ಷದ್ವೀಪದ ಕಡಲನ್ನು ನಿಮ್ಮೂರಿನ ಜನಕ್ಕೆ ತೋರಿಸುವ ಬಗೆ

ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ದಿನಸಿ, ತರಕಾರಿ, ಕಟ್ಟಡದ ಸಾಮಾನು ತುಂಬಿಕೊಂಡು ಮಂಜಿಗಳು ಹೊರಡುವುದು ಆ ಕಡೆಗೇ. ಇಷ್ಟು ಹತ್ತಿರದ ನಂಟಿದ್ದರೂ ಆ ದ್ವೀಪಗಳ ಸುತ್ತ ನೀರಿನಡಿ ಏನಾಗುತ್ತಿದೆ ಎಂಬುದು ನಮ್ಮಲ್ಲಿ ಸುದ್ದಿಯಾಗುವುದು ಅಪರೂಪ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು 1998ರಿಂದ ಅಗತ್ತಿ, ಕಡಮತ್, ಕವರತ್ತಿಯ ಹವಳದ ದಿಬ್ಬಗಳಿಗೆ ಇಳಿದು ಅಳೆಯುತ್ತ ಬಂದಿದ್ದಾರೆ. 1998ರಲ್ಲಿ ದಿಬ್ಬದ ಮೇಲ್ಮೈಯ ಸುಮಾರು ಶೇ. 37 ಭಾಗ ಜೀವಂತ ಹವಳವಾಗಿತ್ತು. 2022ರಲ್ಲಿ ಉಳಿದದ್ದು ಸುಮಾರು ಶೇ. 19.

ಈ ಎರಡು ಅಂಕಿಗಳನ್ನು ಓದಿ ಮುಂದೆ ಹೋಗುವುದು ಬಹಳ ಸುಲಭ. ಅದೇ ಅಂಕಿಯನ್ನು ಕೈಯಾರೆ ಹೆಣೆಯಲು ಕೂತರೆ ಅಷ್ಟು ಸುಲಭವಾಗಿ ಮರೆಯಲಾಗದು. ಒಂದು ಹವಳಕ್ಕೆ ಎರಡು ಮೂರು ತಾಸು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಪಕ್ಕದವರೊಡನೆ ಮಾತು ಬರುತ್ತದೆ, ಪ್ರಶ್ನೆ ಹುಟ್ಟುತ್ತದೆ. ಪ್ರದರ್ಶನದ ದಿನಕ್ಕಿಂತ ಹೆಣಿಗೆಯ ದಿನಗಳಲ್ಲೇ ಹೆಚ್ಚು ಅರಿವು ಮೂಡುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ಕೆಳಗಿನ ಪ್ರತಿ ಹಂತದಲ್ಲೂ ಹೇಗೆ ಹೆಣೆಯಬೇಕು ಎಂಬುದರ ಜೊತೆಗೆ ಹೆಣೆಯುತ್ತ ಏನು ಮಾತಾಡಬಹುದು ಎಂಬುದನ್ನೂ ಬರೆದಿದ್ದೇನೆ.

ಈ ಕೆಲಸದ ಹಿಂದಿನ ಕಥೆ

ಕ್ರೋಶಾದಲ್ಲಿ ಹವಳದ ದಿಬ್ಬ ಕಟ್ಟುವ ಕೆಲಸ ಆರಂಭಿಸಿದವರು ಮಾರ್ಗರೆಟ್ ವರ್ತೈಮ್ ಮತ್ತು ಕ್ರಿಸ್ಟೀನ್ ವರ್ತೈಮ್ ಎಂಬ ಅವಳಿ ಸೋದರಿಯರು. ಗ್ರೇಟ್ ಬ್ಯಾರಿಯರ್ ರೀಫ್ ಇರುವ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಅವರ ತವರು. ತಮ್ಮ ತವರಿನ ದಿಬ್ಬ ಬಿಸಿಗೆ ಬೆಳ್ಳಗಾಗುತ್ತಿರುವುದನ್ನು ಕೇಳಿ, 2005ರಲ್ಲಿ ಲಾಸ್ ಏಂಜಲೀಸ್‌ನ ಮನೆಯಲ್ಲಿ ಕೂತು ಉಲ್ಲನ್ ದಾರದಲ್ಲಿ ಹವಳ ಹೆಣೆಯತೊಡಗಿದರು. ಅಲ್ಲಿಂದ ಅದು ಊರೂರಿಗೆ ಹಬ್ಬಿತು. ಬೇರೆ ಬೇರೆ ನಗರಗಳ ಜನ ತಮ್ಮದೇ ಉಪದಿಬ್ಬಗಳನ್ನು ಕಟ್ಟಿದರು. 2019ರಲ್ಲಿ ವೆನಿಸ್ ಬಿಯೆನಾಲೆ ಎಂಬ ಹೆಸರಾಂತ ಕಲಾ ಪ್ರದರ್ಶನದಲ್ಲಿ ಇದಕ್ಕೆ ಜಾಗ ಸಿಕ್ಕಿತು. 2022ರಲ್ಲಿ ಜರ್ಮನಿಯ ಬಾಡೆನ್-ಬಾಡೆನ್‌ನಲ್ಲಿ ಸುಮಾರು 4,000 ಮಂದಿ ಸೇರಿ 40,000ದಷ್ಟು ಹವಳಗಳನ್ನು ಹೆಣೆದರು.

ಅವರು ಬಳಸಿದ ತಂತ್ರ ಗಣಿತದಿಂದ ಬಂದದ್ದು. ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನ್ಯಾ 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ, ಕಾಗದದಲ್ಲಿ ಮಾಡಿದರೆ ಬೇಗ ಹರಿದುಹೋಗುತ್ತಿದ್ದ ಹೈಪರ್ಬೋಲಿಕ್ ಮೇಲ್ಮೈಯನ್ನು, ಅಂದರೆ ಅಂಚಿನತ್ತ ಹೋದಂತೆ ಅಲೆಅಲೆಯಾಗಿ ಹಿಗ್ಗುವ ಮೇಲ್ಮೈಯನ್ನು, ಕ್ರೋಶಾದಲ್ಲಿ ಹೆಣೆದು ತೋರಿಸಿದರು. ಹತ್ತೊಂಬತ್ತನೇ ಶತಮಾನದ ಗಣಿತಜ್ಞರು ಹೆಚ್ಚಾಗಿ ಲೆಕ್ಕದಲ್ಲೇ ಕಂಡಿದ್ದ ಆಕಾರವನ್ನು ಈಗ ಕೈಯಲ್ಲಿ ಹಿಡಿದು ಮಡಚಬಹುದಾಗಿತ್ತು. ಹಲವು ಹವಳಗಳು ಬೆಳೆಯುವುದೂ ಅದೇ ಆಕಾರದಲ್ಲಿ.

1. ಗುಂಪು, ಸಮಯ, ಜಾಗ

ಹದಿನೈದರಿಂದ ಇಪ್ಪತ್ತು ಜನ ಸಾಕು. ವಾರಕ್ಕೊಮ್ಮೆ ಎರಡು ತಾಸಿನಂತೆ ಎರಡು ತಿಂಗಳು. ಮಹಿಳಾ ಮಂಡಲ, ಗ್ರಂಥಾಲಯ, ಶಾಲೆಯ ಇಕೋ ಕ್ಲಬ್, ಅಪಾರ್ಟ್‌ಮೆಂಟಿನ ಸಭಾಂಗಣ ಯಾವುದಾದರೂ ಆದೀತು. ಕ್ರೋಶಾ ಬಲ್ಲವರು ನಾಲ್ಕೈದು ಮಂದಿ ಇರಲಿ. ಬಾಗಿಲ ತೋರಣ, ಟೇಬಲ್ ಮ್ಯಾಟು, ಮೊಮ್ಮಕ್ಕಳ ಕುಲಾವಿ ಹಾಕಿ ಪಳಗಿದ ಅಜ್ಜಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರನ್ನು ಗುರುಗಳಾಗಿ ಕರೆಯಿರಿ. ಹತ್ತು ವರ್ಷದ ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸಿ. ಗಂಡಸರನ್ನೂ ಕರೆಯಿರಿ. ಕರಾವಳಿಯಲ್ಲಿ ಬಲೆ ಹೆಣೆಯುವುದೂ ತೇಪೆ ಹಾಕುವುದೂ ಅವರ ಕೈಗೆ ಒಗ್ಗಿದ ವಿದ್ಯೆ.

2. ದಾರ ಮತ್ತು ಕಡ್ಡಿ

ಸಾಮಾನ್ಯ 4 ಪ್ಲೈ ಉಲ್ಲನ್ ದಾರಕ್ಕೆ 3 ಅಥವಾ 3.5 ಮಿ.ಮೀ. ಕಡ್ಡಿ ಹಿಡಿಯಿರಿ. ಸ್ವೆಟರಿಗೆ ಬಳಸುವುದಕ್ಕಿಂತ ಒಂದು ಅಳತೆ ಚಿಕ್ಕದು ಬೇಕು. ಹೆಣಿಗೆ ಬಿಗಿಯಾಗಿದ್ದರೆ ಮಾತ್ರ ಹವಳ ತಾನೇ ಎದ್ದು ನಿಲ್ಲುತ್ತದೆ.

ಅಂಗಡಿಯಲ್ಲಿ ಉಲ್ಲನ್ ಎಂದು ಸಿಗುವುದು ಹೆಚ್ಚಾಗಿ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್. ಒಗೆದಾಗ ಅದರ ಸಣ್ಣ ಎಳೆಗಳು ನೀರಿಗೆ ಸೇರುತ್ತವೆ. ಕಡಲಿನ ಪರವಾಗಿ ಮಾತಾಡಲು ಹೊರಟವರು ಹೊಸ ಅಕ್ರಿಲಿಕ್ ಉಂಡೆಗಳನ್ನು ರಾಶಿ ರಾಶಿ ಕೊಳ್ಳುವುದು ತರವಲ್ಲ. ಮನೆಮನೆಗಳಲ್ಲಿ ಡಬ್ಬಿ ತಳದಲ್ಲಿ ಉಳಿದ ದಾರ, ಬಿಚ್ಚಿದ ಹಳೆ ಸ್ವೆಟರಿನ ದಾರ, ಹತ್ತಿ ದಾರ ಇವುಗಳನ್ನೇ ಸಂಗ್ರಹಿಸಿ. ಬಿಚ್ಚಿದ ದಾರ ಗುಂಗುರಾಗಿರುತ್ತದೆ. ಹವಳಕ್ಕೆ ಅದು ಇನ್ನೂ ಒಳ್ಳೆಯದು.

ಬಣ್ಣ ಆರಿಸುವಾಗ ಅಕ್ವೇರಿಯಂ ಚಿತ್ರಗಳನ್ನು ನಂಬಬೇಡಿ. ಜೀವಂತ ದಿಬ್ಬದಲ್ಲಿ ಹೆಚ್ಚು ಕಾಣುವುದು ಕಂದು, ಸಾಸಿವೆ ಹಳದಿ, ಮಾಸಲು ಹಸಿರು. ನಡುನಡುವೆ ನೇರಳೆ, ಗುಲಾಬಿ. ಆ ಕಂದು ಹವಳದ ಸ್ವಂತ ಬಣ್ಣವಲ್ಲ, ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯದು. ಹವಳವೆಂಬ ಪುಟ್ಟ ಪ್ರಾಣಿ ಪಾಚಿಗೆ ಆಸರೆ ಕೊಡುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ದಾರ ವಿಂಗಡಿಸುವ ದಿನವೇ ಈ ಮಾತು ಬರಲಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

3. ಸುರುಳಿ ಅಂಚಿನ ಮೂಲ ಹೆಣಿಗೆ

ಇದೊಂದನ್ನು ಎಲ್ಲರೂ ಕಲಿಯಬೇಕು. ಇಲ್ಲಿ ಸಿಂಗಲ್, ಡಬಲ್ ಎಂದಿರುವುದು ಅಮೆರಿಕದ ಪದ್ಧತಿಯಂತೆ. ಬ್ರಿಟನ್ನಿನ ಪುಸ್ತಕ ನೋಡಿ ಕಲಿತವರಿಗೆ ಇಲ್ಲಿನ ಸಿಂಗಲ್ಲೇ ಡಬಲ್ ಆಗಿರುತ್ತದೆ, ಮೊದಲೇ ಹೇಳಿಬಿಡಿ.

ದುಂಡು ಮ್ಯಾಟು ಹಾಕುವವರಿಗೆ ಲೆಕ್ಕ ಗೊತ್ತು: ನಡುವಿನ ಉಂಗುರದಲ್ಲಿ 6 ಸಿಂಗಲ್, ಮುಂದಿನ ಸುತ್ತಿಗೆ 12, ಆಮೇಲೆ 18, 24. ಪ್ರತಿ ಸುತ್ತಿಗೂ ಆರಾರು ಹೆಚ್ಚಿಸಿದರೆ ಮ್ಯಾಟು ಚಪ್ಪಟೆಯಾಗಿ ಮಲಗುತ್ತದೆ. ಹೆಚ್ಚಿಸುವುದನ್ನು ಕಡಿಮೆ ಮಾಡಿದರೆ ಅದು ಬಗ್ಗಿ ಕುಲಾವಿಯಾಗುತ್ತದೆ. ಆರಕ್ಕಿಂತ ಹೆಚ್ಚು ಸೇರಿಸುತ್ತ ಹೋದರೆ? ಅಂಚಿಗೆ ಜಾಗ ಸಾಲದೆ ಅಲೆಅಲೆಯಾಗಿ ಏಳುತ್ತದೆ. ಮ್ಯಾಟು ಹಾಕುವಾಗ ತಪ್ಪೆಂದು ಬಿಚ್ಚುತ್ತಿದ್ದುದೇ ಇಲ್ಲಿ ನಮಗೆ ಬೇಕಾದದ್ದು.

ಕ್ರಮ ಹೀಗಿದೆ. 20 ಚೈನ್ ಹಾಕಿ, ತಿರುಗಿಸಲು ಇನ್ನೊಂದು ಚೈನ್. ಮೊದಲ ಸಾಲು 20 ಸಿಂಗಲ್. ಎರಡನೇ ಸಾಲಿನಿಂದ ಪ್ರತಿ ಮೂರನೇ ಹೊಲಿಗೆಯಲ್ಲಿ ಎರಡು ಸಿಂಗಲ್ ಹಾಕುತ್ತ ಹೋಗಿ. ಸಾಲು ಮುಗಿದಾಗ ಒಂದು ಚೈನ್ ಹಾಕಿ ತಿರುಗಿಸಿ, ಅದೇ ನಿಯಮ ಮುಂದುವರಿಸಿ. ಹೀಗೆ ಎಂಟು ಸಾಲು ಹೆಚ್ಚಿಸುವ ಹೊತ್ತಿಗೆ 20 ಇದ್ದದ್ದು 200ರ ಹತ್ತಿರ ಬಂದಿರುತ್ತದೆ. ಪ್ರತಿ ಆರನೇ ಹೊಲಿಗೆಯಲ್ಲಿ ಹೆಚ್ಚಿಸಿದರೆ ಅಷ್ಟೇ ಸಾಲಿಗೆ 70ರ ಆಸುಪಾಸು, ಅಲೆ ಮೃದುವಾಗಿರುತ್ತದೆ. ಪ್ರತಿ ಹೊಲಿಗೆಯಲ್ಲೂ ಎರಡು ಹಾಕಿದರೆ ಉಂಗುರದ 6 ಎಂಟನೇ ಸುತ್ತಿಗೆ 768 ಆಗಿ, ಕೋಳಿಜುಟ್ಟಿನ ಹೂವಿನಂತೆ ಮುದುಡಿ ಗಟ್ಟಿಯಾಗುತ್ತದೆ. ಕೊನೆಯ ಸುತ್ತು ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತದೆ, ದಾರ ಮುಗಿಯುತ್ತದೆ. ಎಲ್ಲರೂ ಒಂದನ್ನಾದರೂ ಹಾಗೆ ಮಾಡಲಿ, ಗುಣಾಕಾರದ ವೇಗ ಕೈಗೆ ತಿಳಿಯುತ್ತದೆ.

ಹೆಣೆಯುತ್ತ ಕೇಳಬೇಕಾದ ಪ್ರಶ್ನೆ: ಹವಳಕ್ಕೆ ಈ ಸುರುಳಿ ಯಾಕೆ ಬೇಕು? ಅದು ನೆಟ್ಟಲ್ಲೇ ಇರುವ ಜೀವಿ, ಬೆಳಕೂ ಆಹಾರವೂ ಇದ್ದಲ್ಲಿಗೇ ಬರಬೇಕು. ಸ್ವಲ್ಪ ಜಾಗದಲ್ಲಿ ಹೆಚ್ಚು ಮೇಲ್ಮೈ ಇದ್ದಷ್ಟೂ ಒಳಗಿನ ಪಾಚಿಗೆ ಹೆಚ್ಚು ಬಿಸಿಲು, ಹರಿಯುವ ನೀರಿನಿಂದ ಹೆಚ್ಚು ಆಹಾರ. ಆ ಮಡಿಕೆಗಳ ಸಂದುಗಳಲ್ಲೇ ಮೀನಿನ ಮರಿ, ಏಡಿ, ಸೀಗಡಿ ಬಚ್ಚಿಟ್ಟುಕೊಳ್ಳುತ್ತವೆ. ಕಡಲ ತಳದ ಶೇ. 1ಕ್ಕಿಂತಲೂ ಕಡಿಮೆ ಜಾಗದಲ್ಲಿರುವ ದಿಬ್ಬಗಳು ಕಡಲ ಜೀವಜಾತಿಗಳ ಕಾಲು ಭಾಗಕ್ಕೆ ಆಸರೆಯಾಗಿರುವುದರ ಗುಟ್ಟು ಬಹುಮಟ್ಟಿಗೆ ಇಂಥ ಸಂದುಗೊಂದುಗಳಲ್ಲಿದೆ.

4. ನಿಜವಾದ ಹವಳಗಳು

ಸುಮ್ಮನೆ ಸುರುಳಿ ಹೆಣೆದರೂ ಚೆಂದವೇ. ಆದರೆ ಪ್ರತಿಯೊಬ್ಬರೂ ಒಂದೊಂದು ನಿಜವಾದ ಹವಳವನ್ನು ಆರಿಸಿಕೊಂಡು, ಅದರ ಚಿತ್ರ ಎದುರಿಗಿಟ್ಟುಕೊಂಡು ಹೆಣೆದರೆ ನೋಟ ಹರಿತವಾಗುತ್ತದೆ.

ಜಿಂಕೆಕೊಂಬಿನ ಹವಳ: ಉಂಗುರದಲ್ಲಿ 6 ಸಿಂಗಲ್, ಮುಂದಿನ ಸುತ್ತಿಗೆ 8, ಆಮೇಲೆ ಹೆಚ್ಚಿಸದೆ ಹದಿನೈದು ಸುತ್ತು ಕೊಳವೆ. ಒಳಗೆ ಹಳೆ ವೈರಿನ ತುಂಡು ಮತ್ತು ದಾರದ ಚೂರು ತುರುಕಿ. ಇಂಥ ಐದಾರು ಕೊಳವೆಗಳನ್ನು ಒಂದಕ್ಕೊಂದು ಹೊಲಿದರೆ ಕವಲು. ಮೊದಲ ಎರಡು ಸುತ್ತನ್ನು ಬಿಳಿ ಅಥವಾ ತಿಳಿ ನೇರಳೆಯಲ್ಲಿ ಹಾಕಿ. ಈ ಹವಳದ ತುದಿ ಬೆಳೆಯುತ್ತಿರುವ ಭಾಗ, ಅಲ್ಲಿ ಪಾಚಿ ಕಡಿಮೆ, ಹಾಗಾಗಿ ಆರೋಗ್ಯವಾಗಿದ್ದಾಗಲೂ ತುದಿ ಬೆಳ್ಳಗಿರುತ್ತದೆ. ಬಿಸಿ ಏರಿದಾಗ ಮೊದಲು ಸೋಲುವವುಗಳಲ್ಲಿ ಇದೂ ಒಂದು.

ಮಿದುಳು ಹವಳ: 6, 12, 18, 24, 30 ಎಂದು ಹೆಚ್ಚಿಸಿ, ಆಮೇಲೆ ಆರೇಳು ಸುತ್ತು ಹಾಗೇ ಹಾಕಿದರೆ ಅರ್ಧಗೋಳ. ಬೇರೆಯಾಗಿ 100 ಚೈನ್ ಹಾಕಿ, ಒಂದೊಂದರಲ್ಲೂ ಮೂರು ಡಬಲ್ ಹಾಕಿ. ಪಟ್ಟಿ ತಾನೇ ತಿರುಚಿಕೊಳ್ಳುತ್ತದೆ. ಅದನ್ನು ಗೋಳದ ಮೇಲೆ ಅಂಕುಡೊಂಕಾಗಿ ಗುಂಡುಸೂಜಿಯಲ್ಲಿ ನಿಲ್ಲಿಸಿ ಹೊಲಿಯಿರಿ.

ಅಣಬೆ ಹವಳ: ಚಪ್ಪಟೆ ಮ್ಯಾಟು ಹಾಕಿ, ನಡುವಿನಿಂದ ಅಂಚಿಗೆ ಮೇಲ್ಮೈಯಲ್ಲಿ ಚೈನ್ ಗೆರೆಗಳನ್ನು ಎಬ್ಬಿಸಿ. ಬೆಳೆದ ಅಣಬೆ ಹವಳ ಬಂಡೆಗೆ ಅಂಟಿಕೊಂಡಿರುವುದಿಲ್ಲ, ಮರಳಿನ ಮೇಲೆ ಬಿಡಿಯಾಗಿ ಬಿದ್ದಿರುತ್ತದೆ. ಆದ್ದರಿಂದ ಇದನ್ನು ಬಟ್ಟೆಗೆ ಹೊಲಿಯಬೇಡಿ, ಸುಮ್ಮನೆ ಇಡಿ.

ಕಿತ್ತಳೆ ಬಣ್ಣದ ಬಟ್ಟಲು ಹವಳ: ಚಿಕ್ಕ ಚಿಕ್ಕ ಬಟ್ಟಲು, ಒಳಗೆ ಹಳದಿ ಕುಚ್ಚು. ಇದರ ಮೈಯಲ್ಲಿ ಪಾಚಿ ಇರುವುದಿಲ್ಲ, ನೀರಿನಲ್ಲಿ ತೇಲಿ ಬರುವ ಸೂಕ್ಷ್ಮಜೀವಿಗಳನ್ನೇ ಹಿಡಿದು ತಿನ್ನುತ್ತದೆ. ಹಾಗಾಗಿ ಬಿಸಿಲು ಬೀಳದ ಬಂಡೆಯಡಿಯಲ್ಲೂ ಬದುಕುತ್ತದೆ.

ಕಡಲ ಬೀಸಣಿಗೆ: ತಂತಿಯ ಚೌಕಟ್ಟಿನಲ್ಲಿ ತೆಳು ಹತ್ತಿ ದಾರದ ಜಾಲರಿ. ಇದನ್ನು ಹೆಣೆಯುವವರು ಒಂದು ಮಾತನ್ನು ತಪ್ಪದೆ ಹೇಳಬೇಕು. ವಾಸ್ತುದೋಷ ನಿವಾರಣೆಗೆಂದು 'ಇಂದ್ರಜಾಲ'ದ ಹೆಸರಿನಲ್ಲಿ ಗಾಜಿನ ಚೌಕಟ್ಟು ಹಾಕಿ ಮಾರುವುದು ಇದೇ ಜೀವಿಯ ಒಣಗಿದ ಅಸ್ಥಿಪಂಜರವನ್ನು. ಅದು ಗಿಡವಲ್ಲ, ಬೇರಲ್ಲ. ಕಡಲ ಬೀಸಣಿಗೆಗಳೂ ಗಟ್ಟಿ ಹವಳಗಳೂ ಕರಿ ಹವಳಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮಾರುವುದೂ ಕೊಳ್ಳುವುದೂ ಅಪರಾಧ. ಇದೇ ಕಾರಣಕ್ಕೆ ನಿಮ್ಮ ಪ್ರದರ್ಶನದಲ್ಲಿ ನಿಜವಾದ ಹವಳದ ತುಂಡನ್ನು, ಶಂಖ, ಚಿಪ್ಪುಗಳನ್ನು ಅಲಂಕಾರಕ್ಕೂ ಇಡಬೇಡಿ. ಕೆಲವು ಶಂಖ, ಚಿಪ್ಪುಗಳೂ ಅದೇ ಕಾಯ್ದೆಯ ರಕ್ಷಣೆಯಲ್ಲಿವೆ.

5. ಬೆಳ್ಳಗಾಗುವುದನ್ನು ಹೆಣೆಯುವುದು

ಇಲ್ಲಿ ಆತುರ ಬೇಡ. ಜನ ಬಿಳಿ ಹವಳವನ್ನು ಕಂಡು ಸತ್ತಿದೆ ಎಂದುಕೊಳ್ಳುತ್ತಾರೆ. ಅದು ಇನ್ನೂ ಸತ್ತಿಲ್ಲ. ಸುತ್ತಲಿನ ನೀರು ಆ ಜಾಗದ ಸಾಮಾನ್ಯ ಬೇಸಿಗೆಯ ಬಿಸಿಗಿಂತ ಒಂದು ಡಿಗ್ರಿ ಸೆಲ್ಸಿಯಸ್ ಏರಿ ಕೆಲವು ವಾರ ಹಾಗೇ ನಿಂತರೆ, ಒಳಗಿನ ಪಾಚಿ ಹವಳಕ್ಕೇ ವಿಷವಾಗತೊಡಗುತ್ತದೆ. ಹವಳ ಅದನ್ನು ಹೊರಹಾಕುತ್ತದೆ. ಪಾಚಿಯ ಬಣ್ಣ ಹೋದ ಮೇಲೆ ಪಾರದರ್ಶಕ ಮೈಯೊಳಗಿಂದ ಸುಣ್ಣದ ಅಸ್ಥಿಪಂಜರ ಬೆಳ್ಳಗೆ ಕಾಣುತ್ತದೆ. ಅನ್ನ ಕೊಡುವವರಿಲ್ಲದೆ ಅದು ಹಸಿದಿರುತ್ತದೆ. ನೀರು ಬೇಗ ತಣಿದರೆ ಪಾಚಿ ಮತ್ತೆ ಸೇರಿಕೊಂಡು ಚೇತರಿಸಿಕೊಳ್ಳುತ್ತದೆ. ತಣಿಯದಿದ್ದರೆ ಸಾಯುತ್ತದೆ, ಸತ್ತ ಮೇಲೆ ಬಿಳಿಯಾಗಿ ಉಳಿಯುವುದೂ ಇಲ್ಲ, ಹಸಿರು-ಕಂದು ಪಾಚಿ ಹಬ್ಬಿ ಮುಸುಕುತ್ತದೆ.

ಆದ್ದರಿಂದ ಪ್ರತಿಯೊಬ್ಬರೂ ಒಂದೇ ಹವಳವನ್ನು ಮೂರು ಸಲ ಹೆಣೆಯಲಿ: ಬಣ್ಣದ್ದು, ಅಚ್ಚ ಬಿಳಿಯದು, ಜೂಲುಜೂಲಾದ ಪಾಚಿ ಬಣ್ಣದ ದಾರದ್ದು. ಮೂರನ್ನೂ ಒಂದೇ ಕೈ ಹೆಣೆಯಬೇಕು, ಹಂಚಿಕೊಳ್ಳಬಾರದು. ಬಣ್ಣದ್ದನ್ನು ಮುಗಿಸಿದ ಉತ್ಸಾಹದಲ್ಲೇ ಬಿಳಿಯದನ್ನು ಶುರು ಮಾಡುವುದು ಕಷ್ಟವಾಗುತ್ತದೆ, ಅದನ್ನು ಅವರೇ ಅನುಭವಿಸಲಿ. ಬಿಳಿಗೂ ಮುಂಚೆ ಕೆಲವು ಹವಳಗಳು ಕಣ್ಣು ಕುಕ್ಕುವ ನೀಲಿ, ಹಳದಿ, ನೇರಳೆಗೆ ತಿರುಗುವುದುಂಟು. 2016ರಲ್ಲಿ ನ್ಯೂ ಕ್ಯಾಲೆಡೋನಿಯಾದಲ್ಲಿ ಇದು ವ್ಯಾಪಕವಾಗಿ ಕಂಡುಬಂತು. ಬಿಸಿಯ ಒತ್ತಡದಲ್ಲಿ ಹವಳ ತನ್ನ ಮೈಗೆ ತಾನೇ ನೆರಳು ಮಾಡಿಕೊಳ್ಳುವ ಪ್ರಯತ್ನ ಅದು. ಫ್ಲೋರಸೆಂಟ್ ದಾರ ಸಿಕ್ಕರೆ ಅಂಥದ್ದೊಂದನ್ನು ಹೆಣೆದಿಡಿ. ನೋಡುವವರು ಅದನ್ನೇ ಮೊದಲು ಮೆಚ್ಚಿ ಹತ್ತಿರ ಬರುತ್ತಾರೆ, ಆಗ ವಿಷಯ ಹೇಳಿ.

ಜಗತ್ತಿನಾದ್ಯಂತ ಹವಳ ಬೆಳ್ಳಗಾದ ಮೊದಲ ಘಟನೆ 1998ರದು. ಆಮೇಲೆ 2010, 2014ರಿಂದ 2017. ನಾಲ್ಕನೆಯದನ್ನು 2024ರ ಏಪ್ರಿಲ್‌ನಲ್ಲಿ ಘೋಷಿಸಲಾಯಿತು. ಅದೇ ಬೇಸಿಗೆಯಲ್ಲಿ ಲಕ್ಷದ್ವೀಪದ ದಿಬ್ಬಗಳೂ ತೀವ್ರವಾಗಿ ಬೆಳ್ಳಗಾದವು.

6. ನೂರು ಚೌಕದ ಎರಡು ಹಾಸು

ಪ್ರದರ್ಶನದ ಜೀವಾಳ ಇದು. ಹತ್ತು ಅಡ್ಡ, ಹತ್ತು ಉದ್ದ, ಒಟ್ಟು ನೂರು ಚೌಕಗಳ ಎರಡು ಹಾಸು ಮಾಡಿ. ಒಂದೊಂದು ಚೌಕ 12 ಸೆಂ.ಮೀ. ಮೊದಲ ಹಾಸು 1998, ಎರಡನೆಯದು 2022. ಮೊದಲನೆಯದರಲ್ಲಿ 37 ಚೌಕಗಳ ಮೇಲೆ ಬಣ್ಣದ ಹವಳ, ಎರಡನೆಯದರಲ್ಲಿ 19ರ ಮೇಲೆ.

ಉಳಿದ ಚೌಕಗಳನ್ನು ಬಿಳಿಯಿಂದ ತುಂಬಿಸುವ ಆಸೆ ಬರುತ್ತದೆ. ಬೇಡ. ಚೆನ್ನಾಗಿರುವ ದಿಬ್ಬದಲ್ಲೂ ನೂರಕ್ಕೆ ನೂರು ಹವಳ ಇರುವುದಿಲ್ಲ. ಮರಳು, ಬಂಡೆ, ಹಳೆ ಹವಳದ ಚೂರು, ಪಾಚಿ ಇದ್ದೇ ಇರುತ್ತವೆ. ಆ ಚೌಕಗಳಿಗೆ ಹಳೆ ಸೀರೆ, ಪಂಚೆ, ಲುಂಗಿಯ ತುಂಡುಗಳನ್ನು ಮರಳು, ಬೂದಿ, ಪಾಚಿ ಬಣ್ಣಗಳಲ್ಲಿ ಆರಿಸಿ, ಕೌದಿಯ ಹಾಗೆ ಪದರ ಕೂಡಿಸಿ ಓಟದ ಹೊಲಿಗೆ ಹಾಕಿ. ಉತ್ತರ ಕರ್ನಾಟಕದ ಕೌದಿ ಹೊಲಿಯುವವರೋ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರೋ ನಿಮ್ಮ ಪರಿಚಯದಲ್ಲಿದ್ದರೆ ಈ ಕೆಲಸವನ್ನು ಅವರಿಂದ ಕಲಿಯಿರಿ, ಕಲಿಸಿದ್ದಕ್ಕೆ ಸಂಭಾವನೆ ಕೊಡಿ. ಹಳೆ ಬಟ್ಟೆಯ ಮಡಿಕೆಗಳು ಕಡಲ ತಳವನ್ನು ಯಾವ ಹೊಸ ನೀಲಿ ಸ್ಯಾಟಿನ್ನಿಗಿಂತಲೂ ಚೆನ್ನಾಗಿ ತೋರಿಸುತ್ತವೆ.

ಬಿಳಿಯ ಹವಳಗಳನ್ನೂ ಪಾಚಿ ಮುಸುಕಿದವುಗಳನ್ನೂ ಬೇರೆ ಮೇಜಿನ ಮೇಲೆ, ಅವುಗಳ ಬಣ್ಣದ ಜೋಡಿಯ ಪಕ್ಕ ಮೂರು ಮೂರಾಗಿ ಇಡಿ. ಮುಟ್ಟಿ ನೋಡಲು ಬಿಡಿ. ಬಟ್ಟೆಯ ಕಲೆಯ ದೊಡ್ಡ ಅನುಕೂಲವೇ ಅದು.

7. ಬಿಸಿಯ ಪಟ್ಟಿ

ಕ್ರೋಶಾ ಕಷ್ಟವೆನ್ನುವ ಮಕ್ಕಳಿಗೆ ಇದು ತಕ್ಕ ಕೆಲಸ. ಒಂದು ವರ್ಷಕ್ಕೆ 52 ಸಾಲು, ವಾರಕ್ಕೊಂದು. ಆ ವಾರದ ಕಡಲ ಮೇಲ್ಮೈಯ ತಾಪಮಾನಕ್ಕೆ ತಕ್ಕ ಬಣ್ಣ: ತಂಪಿಗೆ ನೀಲಿ, ಏರಿದಂತೆ ಹಸಿರು, ಹಳದಿ, ಕಿತ್ತಳೆ, ಕೆಂಪು. ಕಡಲು, ಹವಾಮಾನದ ಮೇಲೆ ಕಣ್ಣಿಡುವ ಅಮೆರಿಕದ ನೋವಾ ಸಂಸ್ಥೆಯ ಕೋರಲ್ ರೀಫ್ ವಾಚ್ ವಿಭಾಗ ಉಪಗ್ರಹದ ಅಳತೆಗಳನ್ನು ಉಚಿತವಾಗಿ ಕೊಡುತ್ತದೆ. ಕಡಲ ಮಾಹಿತಿ ಕೊಡುವ ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಭಾರತದ ದಿಬ್ಬಗಳಿಗೆಂದೇ ಹವಳ ಬೆಳ್ಳಗಾಗುವ ಮುನ್ನೆಚ್ಚರಿಕೆ ಹೊರಡಿಸುತ್ತದೆ. 2024ರ ಪಟ್ಟಿಯನ್ನೂ ಅದಕ್ಕಿಂತ ತಂಪಾಗಿದ್ದ ಒಂದು ವರ್ಷದ ಪಟ್ಟಿಯನ್ನೂ ಅಕ್ಕಪಕ್ಕ ತೂಗುಹಾಕಿ. ಒಂದು ಡಿಗ್ರಿ ಹೆಚ್ಚಿದರೆ ಏನಂತೆ ಎಂದು ಕೇಳುವವರಿಗೆ ಲೆಕ್ಕ ಹೇಳಿ: ಸಾಮಾನ್ಯ ಬೇಸಿಗೆಗಿಂತ ಒಂದು ಡಿಗ್ರಿ ಹೆಚ್ಚಿನ ಬಿಸಿ ನಾಲ್ಕು ವಾರ ನಿಂತರೆ ಹವಳ ಬೆಳ್ಳಗಾಗಲು ಶುರು, ಎಂಟು ವಾರ ನಿಂತರೆ ತೀವ್ರವಾಗಿ ಬೆಳ್ಳಗಾಗಿ ಸಾಯುವ ಸಂಭವ ಹೆಚ್ಚು.

8. ಪ್ಲಾಸ್ಟಿಕ್ ಮೂಲೆ

ವರ್ತೈಮ್ ಸೋದರಿಯರು ಪ್ಲಾಸ್ಟಿಕ್ ಚೀಲಗಳನ್ನೇ ದಾರ ಮಾಡಿ ಟಾಕ್ಸಿಕ್ ರೀಫ್ ಎಂದು ಬೇರೆಯದನ್ನೇ ಹೆಣೆದಿದ್ದಾರೆ. ಮಾಡುವುದು ಸುಲಭ. ಚೀಲವನ್ನು ಚಪ್ಪಟೆ ಹಾಸಿ, ಹಿಡಿಕೆ ಮತ್ತು ತಳ ಕತ್ತರಿಸಿ, ಅಡ್ಡಲಾಗಿ 2 ಸೆಂ.ಮೀ. ಅಗಲದ ಬಳೆಗಳಾಗಿ ಕತ್ತರಿಸಿ, ಒಂದರೊಳಗೊಂದು ಸಿಕ್ಕಿಸಿ ಎಳೆದರೆ ಉದ್ದನೆಯ ದಾರ. 6 ಅಥವಾ 7 ಮಿ.ಮೀ. ಕಡ್ಡಿ ಬೇಕು. ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟೂ ಆದೀತು. ಮಲ್ಪೆ, ಮಂಗಳೂರು ಬಂದರುಗಳ ಬಳಿ ಬಿಸಾಡಿದ ನೈಲಾನ್ ಬಲೆಯ ತುಂಡು ಸಿಕ್ಕರೆ, ಸಿಹಿನೀರಿನಲ್ಲಿ ನೆನೆಸಿ, ಬಿಸಿಲಲ್ಲಿ ಒಣಗಿಸಿ, ಒಂದೆರಡು ಹವಳಗಳ ಮೇಲೆ ಹೊದಿಸಿ.

ಈ ಮೂಲೆಯನ್ನು ಚಿಕ್ಕದಾಗಿಯೇ ಇಡಿ ಎಂಬುದು ನನ್ನ ಸಲಹೆ. ಪ್ಲಾಸ್ಟಿಕ್ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಜನ ಎಲ್ಲ ತಪ್ಪನ್ನೂ ಅದರ ಮೇಲೆ ಹೊರಿಸಿ ನಿರಾಳವಾಗುತ್ತಾರೆ. ಹವಳವನ್ನು ಮುಖ್ಯವಾಗಿ ಕೊಲ್ಲುತ್ತಿರುವುದು ಬಿಸಿ, ಅದರ ಮೂಲ ನಾವು ಸುಡುವ ಕಲ್ಲಿದ್ದಲು ಮತ್ತು ಎಣ್ಣೆ. ಭೂಮಿಯ ಸರಾಸರಿ ಬಿಸಿ 1.5 ಡಿಗ್ರಿ ಏರಿದರೆ ಬೆಚ್ಚಗಿನ ಕಡಲುಗಳ ಹವಳದ ದಿಬ್ಬಗಳಲ್ಲಿ ಶೇ. 70ರಿಂದ 90 ನಾಶವಾಗುತ್ತವೆ, 2 ಡಿಗ್ರಿ ಏರಿದರೆ ಶೇ. 99ಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿ 2018ರ ವರದಿಯಲ್ಲಿ ಹೇಳಿದೆ. ಈ ಸಾಲನ್ನು ಬಿಸಿಯ ಪಟ್ಟಿಯ ಕೆಳಗೇ ಬರೆದು ಹಾಕಿ.

9. ಚೀಟಿ, ಮಾತು, ಕೋರಿಕೆ

'ಸಾಗರ ಉಳಿಸಿ' ಎಂಬ ಫಲಕ ಯಾರನ್ನೂ ತಡೆದು ನಿಲ್ಲಿಸುವುದಿಲ್ಲ. ಪ್ರತಿ ಹವಳಕ್ಕೂ ಒಂದು ಚಿಕ್ಕ ಚೀಟಿ ಕಟ್ಟಿ, ಎರಡೇ ವಾಕ್ಯ: "ನಾನು ಅಣಬೆ ಹವಳ, ಮರಳಿನ ಮೇಲೆ ಬಿಡಿಯಾಗಿ ಬದುಕುತ್ತೇನೆ. ದಿಬ್ಬದ ಮೇಲೆ ನಡೆಯುವಾಗ ನಿಮ್ಮ ಕಾಲು ಬೀಳುವುದು ನನ್ನ ಮೇಲೇ." ಚೀಟಿಗಳು ಮಕ್ಕಳ ಕಣ್ಣಿನ ಎತ್ತರದಲ್ಲಿರಲಿ. ಹೆಣೆದವರೇ ಸರದಿಯಂತೆ ನಿಂತು ವಿವರಿಸಲಿ. ತಾನು ಹೆಣೆದದ್ದರ ಬಗ್ಗೆ ಅಜ್ಜಿಯೊಬ್ಬರು ಹೇಳುವ ಮಾತಿಗೆ ಇರುವ ತೂಕ ಪೋಸ್ಟರಿಗೆ ಬರುವುದಿಲ್ಲ.

ಬಂದವರಲ್ಲಿ ಕೇಳಿಕೊಳ್ಳುವುದು ಸ್ಪಷ್ಟವಾಗಿರಲಿ. ಇಂದ್ರಜಾಲವನ್ನೂ ಹವಳದ ಅಲಂಕಾರ ವಸ್ತುಗಳನ್ನೂ ಕೊಳ್ಳಬೇಡಿ, ಮಾರುವುದು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಮುರ್ಡೇಶ್ವರದಿಂದ ನೇತ್ರಾಣಿಗೋ ಅಂಡಮಾನಿಗೋ ಡೈವಿಂಗ್ ಹೋದರೆ ಹವಳದ ಮೇಲೆ ನಿಲ್ಲಬೇಡಿ, ಮುಟ್ಟಬೇಡಿ, ಮೀನಿಗೆ ಬ್ರೆಡ್ ಹಾಕಬೇಡಿ. ದಿಬ್ಬದ ಗಿಳಿಮೀನನ್ನು ತಿನ್ನಬೇಡಿ. ಅದು ಬಂಡೆಯ ಮೇಲಿನ ಪಾಚಿ ಮೇಯ್ದು ಹೊಸ ಹವಳದ ಮರಿ ಕೂರಲು ಜಾಗ ಮಾಡುತ್ತದೆ. ಕೊನೆಯದಾಗಿ, ನಿಮ್ಮ ಜನಪ್ರತಿನಿಧಿಗೆ ಒಂದು ಅಂಚೆ ಕಾರ್ಡು. ಕಾರ್ಡು, ಪೆನ್ನು ಎರಡನ್ನೂ ಬಾಗಿಲ ಬಳಿಯ ಮೇಜಿನಲ್ಲಿಡಿ, ಅಲ್ಲೇ ಬರೆಸಿ, ನೀವೇ ಅಂಚೆಗೆ ಹಾಕಿ.

10. ಪ್ರದರ್ಶನ ಮುಗಿದ ಮೇಲೆ

ಹೆಣೆದವರೆಲ್ಲರ ಹೆಸರಿನ ಪಟ್ಟಿಯನ್ನು ಬಟ್ಟೆಯ ಮೇಲೆ ಬರೆದು ಹಾಸಿನ ಬೆನ್ನಿಗೆ ಹೊಲಿಯಿರಿ. ದಿಬ್ಬ ಎಲ್ಲಿಗೆ ಹೋದರೂ ಹೆಸರು ಜೊತೆಗೇ ಹೋಗಬೇಕು. ಅಕ್ರಿಲಿಕ್ ಹವಳಗಳನ್ನು ಒಗೆಯಬೇಡಿ, ಬ್ರಷ್ಷಿನಲ್ಲಿ ಧೂಳು ಕೊಡವಿ ಹತ್ತಿಯ ಚೀಲದಲ್ಲಿಡಿ. ಉಣ್ಣೆಯದಿದ್ದರೆ ಒಣಗಿದ ಬೇವಿನೆಲೆ ಹಾಕಿ. ಹಾಸನ್ನು ಮಡಚದೆ ಸುತ್ತಿಡಿ. ಆಮೇಲೆ ಹತ್ತಿರದ ಶಾಲೆಗೆ ಎರವಲು ಕೊಡಿ, ಒಂದು ಷರತ್ತಿನೊಂದಿಗೆ: ಅಲ್ಲಿನ ಮಕ್ಕಳು ಒಂದೊಂದು ಹವಳ ಹೆಣೆದು ಸೇರಿಸಬೇಕು. ಬಣ್ಣದ್ದೋ ಬಿಳಿಯದೋ ಎಂಬುದನ್ನು ಆ ವರ್ಷದ ಮೇ ತಿಂಗಳ ಇನ್ಕಾಯ್ಸ್ ಮುನ್ನೆಚ್ಚರಿಕೆಯನ್ನು ಓದಿ ಅವರೇ ತೀರ್ಮಾನಿಸಲಿ.